ಅಂಗಚಲನೆಯ ಪುನಃಪ್ರಾಪ್ತಿಯೂ ವೇದನಾಶಮನವೂ

(ಮಾಡದಕೆರೆಯ ಸದ್ಭಕ್ತರ ಸಭೆಯಲ್ಲಿ ಮಾಡಿದ ಉಪನ್ಯಾಸ)



ಕಾಯಕವೆಂಬ ಮಾತಿನಲ್ಲಿಯೇ ಕಾಯವು ಅಡಗಿದೆ. ದುಡಿದು ಉಣ್ಣುವುದನ್ನೂ ದುಡಿದುದರಲ್ಲಿ ದಾಸೋಹ ನಡೆಸುವುದನ್ನೂ ಧರ್ಮವೆಂದು ಸಾರಿದ ಶರಣಮಾರ್ಗದಲ್ಲಿ ಶರೀರವು ಹೇಯವಾದ ವಸ್ತುವಲ್ಲ. ಅದು ಸಾಧನೆಯ ಉಪಕರಣ. ಹೀಗಿರುವಲ್ಲಿ, ದುಡಿಯುತ್ತಿದ್ದ ಶರೀರವು ಒಂದು ದಿನ ಅಕಸ್ಮಾತ್ತಾಗಿ ಬಿದ್ದುಹೋದರೆ ಆ ಮನೆಗೆ ಒದಗುವ ನಷ್ಟವು ಕೂಲಿಯೊಂದರಿಂದಲೇ ಅಳೆಯತಕ್ಕದ್ದಲ್ಲ. ಕೈಕಾಲು ಸ್ವಾಧೀನ ತಪ್ಪಿದಾತನು ತನ್ನವರಿಗೆ ಭಾರವಾದೆನೆಂಬ ಚಿಂತೆಯಿಂದ ಕುಗ್ಗುತ್ತಾನೆ. ಮನೆಯವರು ವಿಧಿಲಿಖಿತವೆಂದು ಆತನನ್ನು ಒಂದು ಮೂಲೆಯ ಮಂಚಕ್ಕೆ ಒಪ್ಪಿಸುತ್ತಾರೆ. ವಿಧಿಲಿಖಿತವೆಂದು ಬಿಟ್ಟುಬಿಟ್ಟುದರಲ್ಲಿ ಬಹುಭಾಗವು ಪ್ರಯತ್ನಸಾಧ್ಯವೆಂಬುದನ್ನು ವೈದ್ಯಶಾಸ್ತ್ರವು ಈಗ ತೋರಿಸಿಕೊಟ್ಟಿದೆ. ಆ ಪ್ರಯತ್ನಕ್ಕೆ ಫಿಸಿಯೋಥೆರಪಿ ಎಂದು ಹೆಸರು. ಕನ್ನಡದಲ್ಲಿ ಇದನ್ನು ಭೌತಚಿಕಿತ್ಸೆ ಎನ್ನುವುದುಂಟು.

ಈ ಚಿಕಿತ್ಸೆಯ ಸ್ವರೂಪವೇನು? ಔಷಧವು ಹೊರಗಿನಿಂದ ಶರೀರವನ್ನು ಪ್ರವೇಶಿಸಿ ಕೆಲಸಮಾಡುತ್ತದೆ. ಶಸ್ತ್ರವು ವೈದ್ಯನ ಕೈಯಿಂದ ಕೆಲಸಮಾಡುತ್ತದೆ. ಭೌತಚಿಕಿತ್ಸೆಯಾದರೋ ರೋಗಿಯ ಸ್ವಂತ ಚಲನೆಯನ್ನೇ ಔಷಧವನ್ನಾಗಿ ಮಾಡಿಕೊಳ್ಳುವ ವಿಧಾನ. ಕ್ರಮವರಿತ ವ್ಯಾಯಾಮ, ಕೀಲುಗಳನ್ನು ಹದವರಿತು ಆಡಿಸುವಿಕೆ, ಶಾಖ, ತಂಪು, ನಡಿಗೆಯ ಅಭ್ಯಾಸ, ಊರುಗೋಲು ಮೊದಲಾದ ಆಧಾರಗಳು, ಇವುಗಳೇ ಇದರ ಸಾಧನಗಳು. ಶರೀರಕ್ಕೆ ವ್ಯಾಯಾಮವು ಹಿತವೆಂಬುದೂ, ಅದು ಮಿತಿಮೀರಿದರೆ ಅಹಿತವೆಂಬುದೂ ಚರಕಸಂಹಿತೆಯಷ್ಟು ಹಳೆಯ ಗ್ರಂಥಗಳಿಗೆ ತಿಳಿದಿದ್ದ ವಿಷಯ. ಆದರೆ ಅದನ್ನು ಒಂದು ಶಿಸ್ತಿನ ವಿದ್ಯೆಯಾಗಿ ಕಟ್ಟಿದುದು ಈಚಿನ ಎರಡು ಶತಮಾನಗಳಲ್ಲಿ. 1813ರಲ್ಲಿ ಸ್ವೀಡನ್ ದೇಶದ ಪೆರ್ ಹೆನ್ರಿಕ್ ಲಿಂಗ್ ಎಂಬಾತನು ಸ್ಟಾಕ್‌ಹೋಮ್ ನಗರದಲ್ಲಿ ಅಂಗಸಾಧನೆಯ ಶಾಲೆಯೊಂದನ್ನು ತೆರೆದನು. 1894ರಲ್ಲಿ ಲಂಡನ್ನಿನಲ್ಲಿ ನಾಲ್ವರು ದಾದಿಯರು ಸೇರಿ ಈ ವೃತ್ತಿಯವರ ಸಂಘವೊಂದನ್ನು ಸ್ಥಾಪಿಸಿದರು. ಎರಡು ಮಹಾಯುದ್ಧಗಳಲ್ಲಿ ಗಾಯಗೊಂಡ ಸಹಸ್ರಾರು ಯೋಧರನ್ನು ಮರಳಿ ನಡೆಯಿಸಬೇಕಾದ ಅಗತ್ಯವು ಈ ವಿದ್ಯೆಯನ್ನು ಬೆಳೆಸಿತು. ಭಾರತದಲ್ಲಿ ಇದರ ವ್ಯವಸ್ಥಿತವಾದ ಶಿಕ್ಷಣವು 1950ರ ದಶಕದ ಆರಂಭದಲ್ಲಿ ಮುಂಬಯಿಯಲ್ಲಿ ಮೊದಲಾಯಿತು. 2021ರಲ್ಲಿ ಪಾರ್ಲಿಮೆಂಟು ಅಂಗೀಕರಿಸಿದ ಕಾನೂನು ಈ ವೃತ್ತಿಯನ್ನು ಇತರ ಆರೋಗ್ಯವೃತ್ತಿಗಳ ಸಾಲಿನಲ್ಲಿ ಸೇರಿಸಿ, ಅದರ ಶಿಕ್ಷಣಕ್ಕೂ ನೋಂದಣಿಗೂ ಕಟ್ಟಳೆಯನ್ನು ವಿಧಿಸಿತು.

ಚಲನೆಯು ಏಕೆ ನಷ್ಟವಾಗುತ್ತದೆಂಬುದನ್ನು ಮೊದಲು ವಿಚಾರಿಸಬೇಕು. ಬಳಸದ ಬಾವಿಯ ರಾಟೆಯು ತುಕ್ಕುಹಿಡಿದು ನಿಲ್ಲುವಂತೆ ಬಳಸದ ಕೀಲು ಬಿಗಿಯುತ್ತದೆ. ಮನುಷ್ಯನು ಅಲುಗಾಡದೆ ಮಲಗಿಬಿಟ್ಟರೆ ಆತನ ಮಾಂಸಖಂಡಗಳ ಬಲವು ದಿನವೊಂದಕ್ಕೆ ಸುಮಾರು ಶೇಕಡಾ 1ರಂತೆ ಇಳಿಯುತ್ತ ಹೋಗುತ್ತದೆ. ಒಂದು ತಿಂಗಳು ಹಾಸಿಗೆ ಹಿಡಿದ ವೃದ್ಧನು ಎದ್ದು ನಿಲ್ಲಲಾರದೆ ಹೋದರೆ ಅದಕ್ಕೆ ಮೂಲರೋಗವೊಂದೇ ಕಾರಣವಲ್ಲ, ಹಾಸಿಗೆಯೂ ಕಾರಣ. ಎಲುಬು ತೆಳುವಾಗುತ್ತದೆ, ಶ್ವಾಸಕೋಶದಲ್ಲಿ ಕಫ ನಿಲ್ಲುತ್ತದೆ, ಕಾಲಿನ ರಕ್ತನಾಳಗಳಲ್ಲಿ ರಕ್ತವು ಹೆಪ್ಪುಗಟ್ಟಬಹುದು, ಒತ್ತಿದ ಚರ್ಮದಲ್ಲಿ ಹುಣ್ಣಾಗುತ್ತದೆ. ವಿಶ್ರಾಂತಿಯು ಔಷಧವೇ ಹೌದು. ಆದರೆ ಎಲ್ಲ ಔಷಧಗಳಂತೆ ಅದಕ್ಕೂ ಪ್ರಮಾಣವಿದೆ. ರೋಗಿಯನ್ನು ಅಲುಗಿಸದಿರುವುದೇ ಪ್ರೀತಿಯೆಂದು ತಿಳಿದ ಮನೆಗಳಲ್ಲಿ ಈ ಪ್ರಮಾಣವು ಬಹಳ ಸಲ ತಪ್ಪುತ್ತದೆ.

ಪಾರ್ಶ್ವವಾಯುವಿನ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಹಳ್ಳಿಗಳಲ್ಲಿ ಇದನ್ನು ಲಕ್ವವೆಂದು ಕರೆಯುವರು. ಮೆದುಳಿನ ರಕ್ತನಾಳವೊಂದು ಮುಚ್ಚಿಹೋಗುವುದರಿಂದಲೋ ಒಡೆಯುವುದರಿಂದಲೋ ಇದು ಬರುತ್ತದೆ, ಗಾಳಿ ತಾಗುವುದರಿಂದಲ್ಲ. ಲಕ್ವ ಹೊಡೆದವರಿಗೆ ಪಾರಿವಾಳದ ರಕ್ತವನ್ನು ಹಚ್ಚಿ ತಿಕ್ಕುವ ಪದ್ಧತಿಯು ಕನ್ನಡನಾಡಿನ ಅನೇಕ ಕಡೆಗಳಲ್ಲಿ ನಡೆದುಬಂದಿದೆ. ಅದರಿಂದ ಮೆದುಳಿಗೆ ಲೇಶಮಾತ್ರವೂ ಪ್ರಯೋಜನವಿಲ್ಲ. ಬಡಹಕ್ಕಿಯ ಪ್ರಾಣಹರಣವಾಗುವುದಲ್ಲದೆ, ಅದಕ್ಕಿಂತ ಘೋರವಾದ ಇನ್ನೊಂದು ಹಾನಿಯೂ ಆಗುತ್ತದೆ: ಕಾಲವು ಕಳೆದುಹೋಗುತ್ತದೆ. ಹೆಪ್ಪುಗಟ್ಟಿದ ರಕ್ತದಿಂದ ನಾಳವು ಮುಚ್ಚಿದ್ದರೆ ಅದನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕು. ಆದಕಾರಣ ಬಾಯಿ ಸೊಟ್ಟಗಾಗಿ, ಒಂದು ಕೈ ಜೋತುಬಿದ್ದು, ಮಾತು ತೊದಲಿದ ಕೂಡಲೆ 108 ವಾಹನವನ್ನು ಕರೆಯಿಸಿ ದೊಡ್ಡ ಆಸ್ಪತ್ರೆಗೆ ಸಾಗಿಸುವುದೇ ಮೊದಲನೆಯ ಕರ್ತವ್ಯ.

ಪ್ರಾಣಾಪಾಯವು ಕಳೆದ ತರುವಾಯ ಭೌತಚಿಕಿತ್ಸೆಯ ಕೆಲಸವು ಪ್ರಾರಂಭವಾಗುತ್ತದೆ. ಸತ್ತುಹೋದ ಮೆದುಳಿನ ಭಾಗವು ಮರಳಿ ಬದುಕುವುದಿಲ್ಲ; ಇದನ್ನು ಮುಚ್ಚಿಡತಕ್ಕದ್ದಿಲ್ಲ. ಆದರೆ ಅದರ ಕೆಲಸದಲ್ಲಿ ಕೆಲವಂಶವನ್ನು ಉಳಿದ ಭಾಗಗಳು ಕಲಿತುಕೊಳ್ಳಬಲ್ಲವು. ಕೆರೆಯ ಏರಿಯ ಮೇಲಿನ ದಾರಿ ಕುಸಿದಾಗ ಜನರು ಹೊಲದ ಬದುಗಳ ಮೇಲೆ ನಡೆದು ನಡೆದು ಹೊಸ ಕಾಲುದಾರಿಯನ್ನು ಮಾಡಿಕೊಳ್ಳುವಂತೆ, ಒಂದೇ ಚಲನೆಯನ್ನು ನೂರಾರು ಸಲ, ಸಾವಿರಾರು ಸಲ ಮಾಡುವುದರಿಂದ ಮೆದುಳಿನಲ್ಲಿ ಹೊಸ ದಾರಿಗಳು ಸವೆದು ಸಿದ್ಧವಾಗುತ್ತವೆ. ಈ ಕಲಿಕೆಯು ಮೊದಲ ಮೂರು ತಿಂಗಳುಗಳಲ್ಲಿ ಅತಿ ವೇಗವಾಗಿರುತ್ತದೆ. ಅನಂತರವೂ ನಿಲ್ಲುವುದಿಲ್ಲ, ನಿಧಾನವಾಗುತ್ತದೆ. ಆ ಮೊದಲ ಮೂರು ತಿಂಗಳುಗಳನ್ನು ಎಣ್ಣೆ ತಿಕ್ಕಿಸುವ ಊರುಗಳನ್ನು ಅಲೆಯುವುದರಲ್ಲಿ ಕಳೆದವರ ಮನೆಗಳೆಷ್ಟೋ ಇವೆ.

ಯಾವ ಚಲನೆಯನ್ನು ಕಲಿಸಬೇಕು? ರೋಗಿಗೆ ಯಾವುದು ಬೇಕೋ ಅದನ್ನು. ಎಡಭಾಗದ ಲಕ್ವದಿಂದ ಎಡಗೈ ಮುಷ್ಟಿಕಟ್ಟಿಹೋದ ಭಕ್ತನನ್ನು ನೆನೆಯಬಹುದು. ಆತನಿಗೆ ಅಂಗೈ ತೆರೆಯಲಾಗದಿದ್ದರೆ ಕರಸ್ಥಲದಲ್ಲಿ ಇಷ್ಟಲಿಂಗವನ್ನು ಇರಿಸಿಕೊಳ್ಳುವುದು ಹೇಗೆ? ಐವತ್ತು ವರ್ಷ ತಪ್ಪದೆ ನಡೆದ ನಿತ್ಯಪೂಜೆಯು ತಪ್ಪಿತಲ್ಲಾ ಎಂಬ ದುಃಖವು ಆತನನ್ನು ರೋಗಕ್ಕಿಂತ ಹೆಚ್ಚಾಗಿ ಬಾಧಿಸುತ್ತದೆ. ಬಲ್ಲ ಚಿಕಿತ್ಸಕನು ಇದನ್ನು ಕೇಳಿ ತಿಳಿದುಕೊಂಡು, ಬೆರಳುಗಳನ್ನು ಮೆಲ್ಲಗೆ ಬಿಡಿಸಿ ನೀಳಮಾಡುವುದು, ಅಂಗೈಯನ್ನು ಮೇಲ್ಮುಖವಾಗಿ ತಿರುಗಿಸುವುದು, ಹಗುರವಾದ ವಸ್ತುವೊಂದನ್ನು ಅದರ ಮೇಲೆ ನಿಲ್ಲಿಸುವುದು, ಆಸರೆಯಿಲ್ಲದೆ ನೆಟ್ಟಗೆ ಕುಳಿತುಕೊಳ್ಳುವುದು, ಇವನ್ನೇ ಅಭ್ಯಾಸದ ಮೆಟ್ಟಿಲುಗಳನ್ನಾಗಿ ಮಾಡುತ್ತಾನೆ. ರೊಟ್ಟಿ ಬಡಿಯಬೇಕೆಂಬ ತಾಯಿಗೆ ಹಿಟ್ಟು ನಾದುವುದೇ ವ್ಯಾಯಾಮ. ಬೇಸಾಯಗಾರನಿಗೆ ಹಗ್ಗ ಹಿಡಿಯುವುದೇ ವ್ಯಾಯಾಮ. ಅರ್ಥವಿಲ್ಲದ ಚಲನೆಗಿಂತ ಬಾಳಿಗೆ ಬೇಕಾದ ಚಲನೆಯನ್ನು ಶರೀರವು ಬೇಗ ಕಲಿಯುತ್ತದೆ.

ಇಲ್ಲಿ ಮನೆಯವರ ಪಾಲೂ ದೊಡ್ಡದು. ಮಲಗಿದವನನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಸೋತ ತೋಳನ್ನು ಹಿಡಿದೆಳೆದು ಎಬ್ಬಿಸಬಾರದು. ಹಾಗೆ ಮಾಡಿದರೆ ಭುಜದ ಕೀಲು ಜಾರಿ ತಿಂಗಳುಗಟ್ಟಲೆ ನೋಯುತ್ತದೆ. ವೈದ್ಯರು ಅಪ್ಪಣೆಕೊಟ್ಟ ಮೇಲೆ ಸ್ವಲ್ಪ ಸ್ವಲ್ಪವಾಗಿ ಕೂಡಿಸಬೇಕು, ನಿಲ್ಲಿಸಬೇಕು. ಮೊದಲ ದಿನವೇ ಅತಿಯಾಗಿ ದಣಿಸುವುದೂ ಹಿತವಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ರೋಗಿಯು ತಾನೇ ಮಾಡಬಲ್ಲುದನ್ನು ತಾವು ಮಾಡಿಕೊಡಬಾರದು. ಅಂಗಿಯ ಗುಂಡಿಯನ್ನು ಹಾಕಿಕೊಳ್ಳಲು ಆತನಿಗೆ ಕಾಲು ಗಂಟೆ ಹಿಡಿದರೆ ಆ ಕಾಲು ಗಂಟೆಯೇ ಚಿಕಿತ್ಸೆ.

ಹೊಸದುರ್ಗದ ಸೀಮೆಯು ತೆಂಗಿಗೂ ಅಡಕೆಗೂ ಹೆಸರಾದುದು. ಮರವೇರಿ ಕಾಯಿ ಕೆಡಹುವವರ ಮತ್ತು ಗೊನೆ ಕೊಯ್ಯುವವರ ಕಾಯಕದಲ್ಲಿ ಬೀಳುವ ಭಯವು ನಿತ್ಯವಾದುದು. ಬಿದ್ದವನನ್ನು ಕಂಕುಳಲ್ಲಿ ಕೈಹಾಕಿ ಎತ್ತಿ ಕೂರಿಸುವುದು, ಬೈಕಿನ ಮೇಲೆ ನಡುವೆ ಕೂರಿಸಿಕೊಂಡು ಹೋಗುವುದು ಆತುರದಲ್ಲಿ ಆಗುವ ದೊಡ್ಡ ತಪ್ಪು. ಬೆನ್ನೆಲುಬು ಮುರಿದಿದ್ದು ಒಳಗಿನ ಬೆನ್ನುಹುರಿಯು ಇನ್ನೂ ಉಳಿದಿದ್ದ ಪಕ್ಷದಲ್ಲಿ, ಈ ಅಲುಗಾಟದಿಂದಲೇ ಅದು ನಷ್ಟವಾಗಬಹುದು. ತಲೆ, ಕತ್ತು, ಬೆನ್ನು ಒಂದೇ ಸಾಲಿನಲ್ಲಿರುವಂತೆ ನಾಲ್ಕು ಜನರು ಕೂಡಿ ಹಲಗೆಯ ಮೇಲೆ ಮಲಗಿಸಿ ಸಾಗಿಸಬೇಕು.

ಕೈಕಾಲುಗಳ ಎಲುಬು ಮುರಿದಾಗ ಜನರು ಮೂಳೆ ಕಟ್ಟುವ ನಾಟಿವೈದ್ಯರ ಬಳಿಗೆ ಹೋಗುವುದುಂಟು. ಮುರಿದುದನ್ನು ಬಿದಿರ ಸೀಳುಗಳಿಂದ ಅಲುಗದಂತೆ ಕಟ್ಟುವ ತತ್ತ್ವವು ತಪ್ಪಾದುದಲ್ಲ. ಆಸ್ಪತ್ರೆಯ ಕಟ್ಟಿನ ತತ್ತ್ವವೂ ಅದೇ. ಆದರೆ ಒಳಗಿನ ಸ್ಥಿತಿಯನ್ನು ತೋರುವ ಎಕ್ಸ್‌ರೇ ಇಲ್ಲದೆ ಕಟ್ಟುವುದರಿಂದ ಎಲುಬು ಸೊಟ್ಟಗೆ ಕೂಡಬಹುದು. ಕಟ್ಟು ಅತಿ ಬಿಗಿಯಾದರೆ ರಕ್ತ ಹರಿಯದೆ ಕೆಲವೇ ಗಂಟೆಗಳಲ್ಲಿ ಮಾಂಸಖಂಡಗಳು ಸಾಯಬಹುದು. ಕಟ್ಟು ಯಾರದೇ ಆಗಿರಲಿ, ಬೆರಳ ತುದಿಗಳು ತಣ್ಣಗಾಗಿ ನೀಲಿಗಟ್ಟಿದರೆ, ಜೋಮು ಹಿಡಿದರೆ, ನೋವು ತಡೆಯಲಾರದಷ್ಟು ಏರಿದರೆ ಬೆಳಗಾಗಲೆಂದು ಕಾಯದೆ ಆಗಲೇ ಸಡಿಲಿಸಿ ಆಸ್ಪತ್ರೆಗೆ ಹೋಗಬೇಕು. ಕಟ್ಟು ಬಿಚ್ಚಿದ ದಿನವೇ ವಾಸಿಯಾಯಿತೆಂದು ಎಣಿಸುವುದೂ ಸರಿಯಲ್ಲ. ಎಲುಬು ಕೂಡಿದುದು ಅರ್ಧ ಕೆಲಸ. ಬಿಗಿದ ಕೀಲನ್ನು ಬಿಡಿಸಿ, ಬತ್ತಿದ ಮಾಂಸಖಂಡವನ್ನು ಬೆಳೆಸುವುದು ಉಳಿದರ್ಧ.

ಬೆನ್ನುಹುರಿಯೇ ಕಡಿದುಹೋದವರ ಗತಿಯೇನು? ಇದಕ್ಕೆ ಡಾಕ್ಟರ್ ಮೇರಿ ವರ್ಗೀಸ್ ಅವರ ಜೀವನವೇ ಉತ್ತರ. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ ತರುಣ ವೈದ್ಯೆಯಾಗಿದ್ದ ಅವರು 1954ರಲ್ಲಿ ರಸ್ತೆಯ ಅಪಘಾತಕ್ಕೆ ಸಿಕ್ಕಿ ಸೊಂಟದ ಕೆಳಗೆ ಸ್ವಾಧೀನವನ್ನು ಕಳೆದುಕೊಂಡರು. ಕಾಲುಗಳು ಮರಳಿ ಬರಲಿಲ್ಲ. ಆದರೆ ತೋಳುಗಳಿಗೂ ಮುಂಡಕ್ಕೂ ಬಲ ತಂದುಕೊಳ್ಳುವ ಕಠಿಣ ಸಾಧನೆಯಿಂದ ಅವರು ಗಾಲಿಕುರ್ಚಿಯಲ್ಲಿ ಕುಳಿತೇ ಕುಷ್ಠರೋಗಿಗಳ ಮುದುರಿದ ಕೈಗಳ ಶಸ್ತ್ರಚಿಕಿತ್ಸೆಯನ್ನು ನಡೆಸಿದರು. ಮುಂದೆ ನ್ಯೂಯಾರ್ಕಿಗೆ ಹೋಗಿ ಪುನರ್ವಸತಿ ವೈದ್ಯವನ್ನು ಅಭ್ಯಾಸಮಾಡಿ ಬಂದು, ವೆಲ್ಲೂರಿನಲ್ಲಿ ಆ ವಿಭಾಗದ ಮುಖ್ಯಸ್ಥರಾದರು. 1966ರಲ್ಲಿ ಅಲ್ಲಿ ಸ್ಥಾಪಿತವಾದ ಪುನರ್ವಸತಿ ಸಂಸ್ಥೆಯಲ್ಲಿ ತಮ್ಮಂತೆಯೇ ಬೆನ್ನು ಮುರಿದವರಿಗೆ ಬಾಳುವುದನ್ನು ಕಲಿಸಿದರು. ಕನ್ನಡನಾಡಿನಲ್ಲಿಯೂ ಇಂತಹ ಉದಾಹರಣೆಯುಂಟು. ಬಾಲ್ಯದಲ್ಲಿ ಪೋಲಿಯೋ ತಗುಲಿ ಕಾಲು ಕಳೆದುಕೊಂಡ ಶ್ರೀಮತಿ ಎನ್. ಎಸ್. ಹೇಮಾ ಅವರು 1959ರಲ್ಲಿ ಬೆಂಗಳೂರಿನಲ್ಲಿ ಅಂಗವಿಕಲರ ಸಂಸ್ಥೆಯೊಂದನ್ನು ಕಟ್ಟಿದರು, ಎ. ಪಿ. ಡಿ. ಎಂದು ಪ್ರಸಿದ್ಧವಾದ ಆ ಸಂಸ್ಥೆಯು ಮಕ್ಕಳ ಶಿಕ್ಷಣ, ಚಿಕಿತ್ಸೆ, ಉದ್ಯೋಗಶಿಕ್ಷಣಗಳನ್ನು ಒಂದುಗೂಡಿಸಿ ನಡೆಸಿಕೊಂಡು ಬಂದಿದೆ. ಇವರಿಬ್ಬರ ಚರಿತ್ರೆಗಳಿಂದ ತಿಳಿಯಬೇಕಾದುದೇನೆಂದರೆ, ಕಳೆದುಹೋದ ಅಂಗಬಲವನ್ನು ಮರಳಿ ತರುವುದು ಮಾತ್ರವೇ ಈ ವಿದ್ಯೆಯ ಗುರಿಯಲ್ಲ. ಉಳಿದ ಬಲದಿಂದ ಪೂರ್ಣವಾಗಿ ಬಾಳುವುದನ್ನು ಕಲಿಸುವುದೂ ಅದರ ಗುರಿ.

ಇನ್ನು ನೋವಿನ ವಿಚಾರ. ನೋವು ಶತ್ರುವಲ್ಲ, ಅದು ಶರೀರದ ಕಾವಲುಗಾರ. ಹೊಸ ಗಾಯದ ನೋವು ಅಪಾಯದ ಸುದ್ದಿಯನ್ನು ತರುತ್ತದೆ. ಆದರೆ ಮೂರು ತಿಂಗಳನ್ನು ಮೀರಿ ಉಳಿದ ನೋವಿನ ರೀತಿ ಬೇರೆ. ರಾಗಿಯ ಹೊಲದ ಮಂಚಿಕೆಯ ಮೇಲೆ ಕುಳಿತ ಕಾವಲುಗಾರನು ಒಂದು ಸಲ ಹಂದಿಗಳ ಹಾವಳಿಯನ್ನು ಕಂಡ ಮೇಲೆ ಎಲೆ ಅಲುಗಿದರೂ ಕೂಗಿಕೊಳ್ಳುವಂತೆ, ಗಾಯ ಮಾಯ್ದ ಮೇಲೆಯೂ ನರಗಳು ಸಣ್ಣ ಕಾರಣಕ್ಕೆ ದೊಡ್ಡ ಕೂಗನ್ನು ಎಬ್ಬಿಸುತ್ತವೆ. ಆ ನೋವು ಸುಳ್ಳಲ್ಲ. ನೋಯುವವನು ಸೋಗು ಹಾಕುತ್ತಿಲ್ಲ. ಆದರೆ ಅಷ್ಟು ನೋವಿದ್ದರೆ ಅಷ್ಟೇ ಹಾನಿಯಾಗಿರಬೇಕೆಂಬ ನಿಯಮವಿಲ್ಲ. 1965ರಲ್ಲಿ ಮೆಲ್ಜ್ಯಾಕ್ ಮತ್ತು ವಾಲ್ ಎಂಬ ವಿದ್ವಾಂಸರು, ನೋವಿನ ಸುದ್ದಿಯು ಬೆನ್ನುಹುರಿಯ ಒಂದು ಬಾಗಿಲನ್ನು ದಾಟಿಯೇ ಮೆದುಳಿಗೆ ಹೋಗಬೇಕೆಂತಲೂ, ಸ್ಪರ್ಶ ಮುಂತಾದ ಇತರ ಸಂವೇದನೆಗಳು ಆ ಬಾಗಿಲನ್ನು ಕಿರಿದುಮಾಡಬಲ್ಲವೆಂತಲೂ ಪ್ರತಿಪಾದಿಸಿದರು. ಪೆಟ್ಟು ಬಿದ್ದ ಕಡೆಯನ್ನು ಕೈಯಿಂದ ಉಜ್ಜಿದರೆ ಹಾಯೆನಿಸುವುದಕ್ಕೆ ಇದೇ ಕಾರಣವೆಂದು ಹೇಳುವರು. ಶಾಖವೂ ಮೃದುವಾದ ಮರ್ದನವೂ ವಿದ್ಯುದ್ಯಂತ್ರಗಳೂ ಕೆಲವು ಕಾಲ ನೋವನ್ನು ತಗ್ಗಿಸುವುವು. ಆದರೆ ಕಾವಲುಗಾರನ ಭಯವನ್ನು ನಿಜವಾಗಿ ಕಳೆಯುವುದು ಕ್ರಮಕ್ರಮವಾಗಿ ಹೆಚ್ಚಿಸಿದ ಚಲನೆಯೇ.

ಸೊಂಟನೋವಿನಲ್ಲಿ ವಾರಗಟ್ಟಲೆ ಮಲಗುವುದನ್ನು ವೈದ್ಯರು ಈಗ ಹೇಳುವುದಿಲ್ಲ. ಹೊಸದಾಗಿ ಬಂದ ಸೊಂಟನೋವು ಬಹುಮಂದಿಗೆ ಕೆಲವು ವಾರಗಳಲ್ಲಿ ಇಳಿಯುತ್ತದೆ. ಆದಷ್ಟು ನಡೆದಾಡುತ್ತಿರುವವರಿಗೆ ಬೇಗ ಇಳಿಯುತ್ತದೆ. ಆದರೆ ಮೂತ್ರದ ಹಿಡಿತ ತಪ್ಪುವುದು, ಕುಳಿತುಕೊಳ್ಳುವ ಭಾಗದಲ್ಲಿ ಸ್ಪರ್ಶಜ್ಞಾನ ಹೋಗುವುದು, ಕಾಲಿನ ಬಲ ಕುಸಿಯುವುದು, ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಬಿದ್ದ ತರುವಾಯ ಬಂದ ನೋವು, ಇವುಗಳಲ್ಲಿ ಯಾವುದಿದ್ದರೂ ವ್ಯಾಯಾಮಕ್ಕೆ ತೊಡಗದೆ ಮೊದಲು ವೈದ್ಯರನ್ನು ಕಾಣತಕ್ಕದ್ದು.

ಮೊಣಕಾಲಿನ ಸವೆತವು ವಿಶೇಷವಾಗಿ ತಾಯಂದಿರನ್ನು ಬಾಧಿಸುವ ರೋಗ. ಸವೆದ ಕೀಲನ್ನು ನಡೆಯಿಸಿದರೆ ಇನ್ನಷ್ಟು ಸವೆಯುವುದೆಂಬ ಅಂಜಿಕೆಯಿಂದ ಅವರು ಕುಳಿತುಬಿಡುತ್ತಾರೆ. ಕುಳಿತಷ್ಟೂ ತೊಡೆಯ ಮಾಂಸಖಂಡ ಬತ್ತಿ ಮೊಣಕಾಲಿನ ಮೇಲೆಯೇ ಎಲ್ಲ ಭಾರವೂ ಬೀಳುತ್ತದೆ. ತೊಡೆಯ ಬಲವೇ ಮೊಣಕಾಲಿಗೆ ಆಧಾರ. ಎತ್ತರದ ಪೀಠದ ಮೇಲೆ ಕುಳಿತು ಕಾಲನ್ನು ನೆಟ್ಟಗೆ ಚಾಚಿ, ಐದು ಎಣಿಸುವವರೆಗೆ ಹಿಡಿದು ಇಳಿಸುವುದು, ಹೀಗೆ ಹತ್ತು ಸಲ; ಜಗಲಿಯಿಂದ ಕೈಯೂರದೆ ಎದ್ದು ಕೂರುವುದು, ಆದಷ್ಟು ಸಲ; ಇಂತಹ ಸರಳವಾದ ಸಾಧನೆಗಳು ತಿಂಗಳೆರಡರಲ್ಲಿ ಫಲ ತೋರುವುವು. ಶರೀರದ ತೂಕವು 1 ಕಿಲೋ ಇಳಿದರೆ ನಡೆಯುವಾಗ ಹೆಜ್ಜೆಹೆಜ್ಜೆಗೂ ಮೊಣಕಾಲಿನ ಮೇಲಿನ ಭಾರವು ಸುಮಾರು 4 ಕಿಲೋಗಳಷ್ಟು ತಗ್ಗುತ್ತದೆ. ವ್ಯಾಯಾಮದಲ್ಲಿ ಅಲ್ಪ ನೋವು ಕಂಡರೆ ಅಂಜಬೇಕಾದುದಿಲ್ಲ. ಮಾರನೆಯ ದಿನಕ್ಕೂ ಹೆಚ್ಚಾಗಿ ಉಳಿದರೆ ಪ್ರಮಾಣವನ್ನು ಕಡಿಮೆಮಾಡಬೇಕು. ಪೂಜೆಗಾಗಲಿ ದಾಸೋಹದ ಪಂಕ್ತಿಗಾಗಲಿ ಕುರ್ಚಿಯ ಮೇಲೆ ಕುಳಿತುಕೊಳ್ಳುವುದರಿಂದ ಭಕ್ತಿಗೆ ಊನವಿಲ್ಲ.

ಇಲ್ಲಿ ಒಂದು ಮಾತನ್ನು ವಿಶದವಾಗಿ ಹೇಳಬೇಕಾಗಿದೆ. ಮನೆಯ ಯಜಮಾನನು ಬಿದ್ದರೆ ವಾಹನ ಬರುತ್ತದೆ, ಆಸ್ಪತ್ರೆಗೆ ಹೋಗುವುದಾಗುತ್ತದೆ. ಸೊಸೆಯ ಸೊಂಟ ಹಿಡಿದರೆ, ಅತ್ತೆಯ ಭುಜ ಬಿಗಿದರೆ ಅದು ಹೆಂಗಸರಿಗೆ ಇದ್ದುದೇ ಎನಿಸಿಕೊಳ್ಳುತ್ತದೆ. ರೋಗಿಯನ್ನು ಎತ್ತಿ ಇಳಿಸುವ ಸೇವೆಯೂ ಬಹುಪಾಲು ಅವರದೇ. ಅದರಿಂದ ಅವರ ಬೆನ್ನೂ ಕೆಡುತ್ತದೆ. ಹೆಣ್ಣುಗಂಡುಗಳಿಗೆ ಸಮಸ್ಥಾನವನ್ನು ಕೊಟ್ಟ ಪರಂಪರೆಯವರು ಚಿಕಿತ್ಸೆಯಲ್ಲಿಯೂ ಆ ಸಮತೆಯನ್ನು ಪಾಲಿಸಬೇಕಷ್ಟೆ.

ಚಿತ್ರದುರ್ಗ ಜಿಲ್ಲೆಗೆ ಸಂಬಂಧಿಸಿದ ಇನ್ನೊಂದು ವಿಷಯವುಂಟು. ಜಿಲ್ಲೆಯ ಹಲವು ಗ್ರಾಮಗಳ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಎಂಬ ಅಂಶವು ಲೀಟರಿಗೆ 1.5 ಮಿಲಿಗ್ರಾಮೆಂಬ ಮಿತಿಯನ್ನು ಮೀರಿದೆ. ಅಂತಹ ನೀರನ್ನು ಬಹುಕಾಲ ಕುಡಿದವರಿಗೆ ಹಲ್ಲು ಕಂದುಗಟ್ಟುವುದಲ್ಲದೆ ಬೆನ್ನೆಲುಬೂ ಕೀಲುಗಳೂ ಬಿಗಿಯುತ್ತವೆ. 1937ರಲ್ಲಿಯೇ ಆಗಿನ ಮದ್ರಾಸ್ ಪ್ರಾಂತದ ನೆಲ್ಲೂರಿನಲ್ಲಿ ಈ ರೋಗವನ್ನು ವೈದ್ಯರು ಗುರುತಿಸಿ ಬರೆದರು. ಎಲುಬಿನಲ್ಲಿ ಸೇರಿದ ಫ್ಲೋರೈಡನ್ನು ಯಾವ ವ್ಯಾಯಾಮವೂ ತೆಗೆಯಲಾರದು. ಶುದ್ಧವಾದ ನೀರೇ ಇದಕ್ಕೆ ಮೊದಲ ಚಿಕಿತ್ಸೆ; ಉಳಿದಿರುವ ಚಲನೆಯನ್ನು ಕಾಪಾಡಿಕೊಳ್ಳುವುದು ಭೌತಚಿಕಿತ್ಸೆಯ ಕೆಲಸ. ವಿದ್ಯೆಯು ತನ್ನ ಮಿತಿಯನ್ನು ಹೇಳಿಕೊಂಡಾಗಲೇ ಅದರ ಮಾತಿಗೆ ಬೆಲೆ.

ಮಕ್ಕಳ ವಿಷಯದಲ್ಲಿ ಕಾಲಹರಣವು ಇನ್ನೂ ಕೆಟ್ಟುದು. ಭಾರತದಲ್ಲಿ ಕಾಡು ಪೋಲಿಯೋವಿನ ಕೊನೆಯ ಪ್ರಕರಣವು 2011ರ ಜನವರಿಯಲ್ಲಿ ಕಂಡುಬಂದು, 2014ರ ಮಾರ್ಚಿಯಲ್ಲಿ ದೇಶವು ಅದರಿಂದ ಮುಕ್ತವೆಂದು ಪ್ರಮಾಣಿತವಾಯಿತು. ಆದರೆ ಹುಟ್ಟುವಾಗ ಮೆದುಳಿಗೆ ಪೆಟ್ಟಾದ ಶಿಶುಗಳೂ ಪಾದ ತಿರುಚಿದ ಶಿಶುಗಳೂ ಈಗಲೂ ಹುಟ್ಟುತ್ತಿವೆ. ಮಗುವು ಕತ್ತು ನಿಲ್ಲಿಸುವುದು, ಕೂರುವುದು ತಡವಾದರೆ ಮುಂದೆ ಸರಿಹೋಗುವುದೆಂದು ಕಾಯದೆ ತೋರಿಸಬೇಕು. 2013ರಲ್ಲಿ ಮೊದಲಾದ ರಾಷ್ಟ್ರೀಯ ಬಾಲಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗೂ ಶಾಲೆಗೂ ಬಂದು ಇಂತಹ ಮಕ್ಕಳನ್ನು ಗುರುತಿಸಿ ಮೇಲಿನ ಚಿಕಿತ್ಸೆಗೆ ಕಳುಹಿಸುತ್ತವೆ.

ಚಿಕಿತ್ಸಕನನ್ನು ಆರಿಸುವಲ್ಲಿ ವಿವೇಕವಿರಬೇಕು. ನಾಲ್ಕು ವರ್ಷಕ್ಕೂ ಮೀರಿದ ವ್ಯಾಸಂಗ ಮಾಡಿದವರು ಫಿಸಿಯೋಥೆರಪಿಸ್ಟರು. ತಿಕ್ಕಲು ಬಲ್ಲವರೆಲ್ಲರೂ ಅಲ್ಲ. ನಿಜವಾದ ಚಿಕಿತ್ಸಕನು ಮೊದಲು ಪರೀಕ್ಷಿಸುತ್ತಾನೆ, ಸಾಧನೆಯನ್ನು ಕಲಿಸುತ್ತಾನೆ, ರೋಗಿಯು ಬೇಗ ತನ್ನ ಕಾಲ ಮೇಲೆ ನಿಲ್ಲುವಂತೆ ಮಾಡುತ್ತಾನೆ. ಮೂರು ದಿನಗಳಲ್ಲಿ ನಡೆಯಿಸುವೆನೆಂದು ಮುಂಗಡ ಕೇಳುವವನನ್ನು ನಂಬತಕ್ಕದ್ದಲ್ಲ. ದೂರದ ಪಟ್ಟಣಕ್ಕೆ ನಿತ್ಯವೂ ಹೋಗಲಾರದವರು ತಿಂಗಳಿಗೊಮ್ಮೆಯಾದರೂ ಹೋಗಿ ಅಭ್ಯಾಸವನ್ನು ಕಲಿತುಬಂದು ಮನೆಯಲ್ಲಿ ತಪ್ಪದೆ ನಡೆಸಬಹುದು. ಗ್ರಾಮಪಂಚಾಯತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಂದ ಸರ್ಕಾರದ ಸಾಧನ ಸೌಲಭ್ಯಗಳನ್ನು ತಿಳಿದುಕೊಳ್ಳಬಹುದು.

ಕಡೆಯದಾಗಿ, ಭಕ್ತಸಮೂಹವು ಮಾಡಬಹುದಾದ ಕಾರ್ಯಗಳು ಕೆಲವುಂಟು. ಮಠಮಂದಿರಗಳ ಮೆಟ್ಟಿಲುಗಳಿಗೆ ಹಿಡಿಕಂಬಿಯನ್ನೂ ಪಕ್ಕದಲ್ಲಿ ಗಾಲಿಕುರ್ಚಿ ಏರುವ ಇಳಿಜಾರನ್ನೂ ಮಾಡಿಸಬಹುದು. ವಾಸಿಯಾದವರು ಬಿಟ್ಟ ಊರುಗೋಲು, ಗಾಲಿಕುರ್ಚಿಗಳನ್ನು ಊರಿನ ಒಂದೆಡೆ ಕೂಡಿಟ್ಟು ಬೇಕಾದವರಿಗೆ ಕೊಡಬಹುದು. ನೆರೆಮನೆಯ ರೋಗಿಯು ಹತ್ತು ಹೆಜ್ಜೆ ನಡೆಯುವಾಗ ಪಕ್ಕದಲ್ಲಿ ಅರ್ಧ ಗಂಟೆ ಇರುವುದೂ ದಾಸೋಹವೇ. ಮಂಚದ ಮೇಲಿನ ಒಬ್ಬಾತನು ಮರಳಿ ಜಗಲಿಗೆ, ಜಗಲಿಯಿಂದ ಬೀದಿಗೆ, ಬೀದಿಯಿಂದ ತನ್ನ ಕಾಯಕಕ್ಕೆ ಬರುವಂತಾದರೆ ಅದು ಒಂದು ಮನೆಯು ಮತ್ತೆ ಎದ್ದುನಿಂತಂತೆ. ಅಂತಹ ಮನೆಗಳು ಈ ಸೀಮೆಯಲ್ಲಿ ಹೆಚ್ಚಲಿ.